ಸಗರನಾಡಿನಲ್ಲಿ ಮದರ್‌ಬೋರ್ಡು: ಗೋಡೆಯ ಪ್ಲಗ್ಗಿನಿಂದ ಬಯಾಸಿನವರೆಗೆ

"ಬೋರ್ಡ್ ಹೋಗ್ಯಾದ್ರೀ." ಮುಂಗಾರಿಗೆ ಮುಂಚಿನ ಗುಡುಗು-ಸಿಡಿಲಿನ ವಾರಗಳಲ್ಲಿ ಸಗರನಾಡಿನ ಯಾದಗಿರಿ, ಶಹಾಪುರ, ಸುರಪುರದ ಕಂಪ್ಯೂಟರ್ ಅಂಗಡಿಗಳಲ್ಲಿ ಪದೇಪದೇ ಕೇಳುವ ಮಾತು ಇದು. ಅಷ್ಟು ಹೇಳಿದರೆ ಗಿರಾಕಿಗೆ ಹೊಸ ಮದರ್‌ಬೋರ್ಡಿನ ಖರ್ಚು ಬಂತು. ಹಳೆಯ ಪ್ರೊಸೆಸರ್, ಹಳೆಯ ರ್‍ಯಾಮ್ ಹೊಸ ಬೋರ್ಡಿಗೆ ಹೊಂದದಿದ್ದರೆ ಅವುಗಳ ಖರ್ಚೂ ಬಂತು. ಹೋದದ್ದು ನಿಜಕ್ಕೂ ಬೋರ್ಡೇ ಹೌದೋ, ಹೌದಾದರೆ ಯಾಕೆ ಹೋಯಿತು, ಹೊಸದೂ ಬರುವ ವರ್ಷ ಹಾಗೇ ಹೋಗದಂತೆ ಏನು ಮಾಡಬೇಕು ಎಂದು ಕೇಳುವವರು ಕಡಿಮೆ, ಹೇಳುವವರು ಇನ್ನೂ ಕಡಿಮೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಈ ಸೀಮೆಯಲ್ಲಿ ಮದರ್‌ಬೋರ್ಡಿನ ಆಯುಷ್ಯ ಅದರ ಬೆಲೆಗಿಂತ, ಕಂಪನಿಯ ಹೆಸರಿಗಿಂತ ಹೆಚ್ಚಾಗಿ ಗೋಡೆಯ ಪ್ಲಗ್ಗು, ಕೋಣೆಯ ಕಾವು ಮತ್ತು ಬೋರ್ಡನ್ನು ಕೂಡಿಸಿದ ಮೊದಲ ಒಂದು ತಾಸಿನ ಕೆಲಸದ ಮೇಲೆ ನಿಂತಿದೆ.

ನಮ್ಮ ಕಡೆಯ ಬಹಳಷ್ಟು ರೈತರ ಕಣ್ಣಿಗೆ ಮೊದಲು ಬಿದ್ದ ಡೆಸ್ಕ್‌ಟಾಪ್ ತಹಶೀಲ್ ಕಚೇರಿಯದು. 2000ದ ಆಸುಪಾಸಿನಲ್ಲಿ ಭೂಮಿ ಯೋಜನೆ ರಾಜ್ಯದ 177 ತಾಲೂಕುಗಳ ಸುಮಾರು ಎರಡು ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿತು. ಕೈಬರಹದ ಪಹಣಿ ಹೋಗಿ, 15 ರೂಪಾಯಿ ಕೊಟ್ಟರೆ ಪ್ರಿಂಟು ಕೈಗೆ ಬರುವ ವ್ಯವಸ್ಥೆ ಬಂತು. ಆಗ ಯಾದಗಿರಿ, ಶಹಾಪುರ, ಸುರಪುರ ಮೂರೂ ಗುಲ್ಬರ್ಗಾ ಜಿಲ್ಲೆಯ ತಾಲೂಕುಗಳು. 2009ರ ಡಿಸೆಂಬರ್ 30ರಂದು ಯಾದಗಿರಿ ಜಿಲ್ಲೆಯಾದ ಮೇಲೆ ಕಚೇರಿಗಳು ಹೆಚ್ಚಿದವು, ಅವುಗಳೊಂದಿಗೆ ಡೆಸ್ಕ್‌ಟಾಪ್‌ಗಳೂ ಹೆಚ್ಚಿದವು. ನೆಮ್ಮದಿ ಕೇಂದ್ರ, ಅಟಲ್‌ಜೀ ಜನಸ್ನೇಹಿ ಕೇಂದ್ರ, ಈಗ ಗ್ರಾಮ ಒನ್. ಡಿಟಿಪಿ ಅಂಗಡಿ, ಝೆರಾಕ್ಸ್ ಅಂಗಡಿ, ಗೊಬ್ಬರದಂಗಡಿ, ಜಿನ್ನಿಂಗ್ ಮಿಲ್ಲಿನ ಲೆಕ್ಕಪತ್ರದ ಕೋಣೆ. ಊರಿನ ಜಾತಿ-ಆದಾಯ ಪ್ರಮಾಣಪತ್ರದಿಂದ ಹಿಡಿದು ಮಗಳ ಸ್ಕಾಲರ್‌ಶಿಪ್ ಅರ್ಜಿಯವರೆಗೆ ಎಲ್ಲವೂ ಒಂದು ಬೋರ್ಡಿನ ಮೇಲೆ ಹಾಯುತ್ತದೆ. ಅದು ಕೈಕೊಟ್ಟ ದಿನ ಹತ್ತಿಪ್ಪತ್ತು ಮೈಲಿ ದೂರದ ಹಳ್ಳಿಯಿಂದ ಬಸ್ಸು ಹಿಡಿದು ಬಂದವರು ಬರಿಗೈಲಿ ಮರಳುತ್ತಾರೆ. ಆದ್ದರಿಂದ ಇದನ್ನು ಬರೀ ಅಂಗಡಿಯವರ ಕಸಬಿನ ವಿಷಯ ಎಂದು ಬಿಟ್ಟುಬಿಡಲಾಗದು.

ಕನ್ನಡಕ್ಕೂ ಮದರ್‌ಬೋರ್ಡಿಗೂ ಹಳೆಯ ನಂಟೊಂದಿದೆ. ಡಾಸ್ ಕಾಲದಲ್ಲಿ ತೆರೆಯ ಮೇಲೆ ಕನ್ನಡ ಮೂಡಬೇಕಾದರೆ ತಂತ್ರಾಂಶವೊಂದೇ ಸಾಲುತ್ತಿರಲಿಲ್ಲ. ಕಾನ್ಪುರದ ಐಐಟಿಯಲ್ಲಿ ಹುಟ್ಟಿ ಪುಣೆಯ ಸಿ-ಡ್ಯಾಕ್‌ನಲ್ಲಿ ಬೆಳೆದ ಜಿಸ್ಟ್ ಕಾರ್ಡನ್ನು ಮದರ್‌ಬೋರ್ಡಿನ ಸ್ಲಾಟಿಗೆ ಚುಚ್ಚಬೇಕಿತ್ತು. ಭಾರತೀಯ ಲಿಪಿಗಳಿಗಾಗಿ ಯಂತ್ರದ ಒಳಗೇ ಇನ್ನೊಂದು ಹಲಗೆ ಬೇಕಾಗಿದ್ದ ಕಾಲ ಅದು. ವಿಂಡೋಸ್ ಎಕ್ಸ್‌ಪಿ ಕಾಲಕ್ಕೆ ಆ ಕೆಲಸ ಪೂರ್ತಿ ತಂತ್ರಾಂಶದ ಪಾಲಾಯಿತು. ನುಡಿ ತಂತ್ರಾಂಶ ಹಾಕಿಕೊಂಡರೆ ಯಾವ ಬೋರ್ಡಾದರೂ ಕನ್ನಡ ಬರೆಯಬಲ್ಲದು. ಆದರೆ ಬೋರ್ಡಿನೊಂದಿಗೆ ಬರುವ ಕೈಪಿಡಿ ಮಾತ್ರ ಇವತ್ತಿಗೂ ಕನ್ನಡದಲ್ಲಿಲ್ಲ. ಯಂತ್ರವನ್ನು ಎಬ್ಬಿಸುವ, ಬೋರ್ಡಿನಲ್ಲೇ ಇರುವ ತಂತ್ರಾಂಶಕ್ಕೆ ಬಯಾಸ್ ಎನ್ನುತ್ತಾರೆ; ನಾನು ತೆರೆದು ನೋಡಿದ ಯಾವ ಬಯಾಸ್‌ನಲ್ಲೂ ಕನ್ನಡದ ಮೆನು ಕಂಡಿಲ್ಲ.

ಬಿಡಿಭಾಗಗಳು ನಮ್ಮ ಕಡೆಗೆ ಬರುವ ದಾರಿಯೂ ತಿಳಿದಿರಬೇಕು. ಬೆಂಗಳೂರಿನ ಎಸ್.ಪಿ. ರಸ್ತೆ ರಾಜ್ಯಕ್ಕೆಲ್ಲ ಹೆಸರಾದ ಪೇಟೆ. ಆದರೆ ಸಗರನಾಡಿಗೆ ಹತ್ತಿರದ್ದು ಹೈದರಾಬಾದು. ಅಲ್ಲಿ ಸಿಕಂದರಾಬಾದಿನ ಚೆನಾಯ್ ಟ್ರೇಡ್ ಸೆಂಟರ್ ಕಂಪ್ಯೂಟರ್ ಸಾಮಾನಿನ ದೊಡ್ಡ ಕೇಂದ್ರ. 1871ರಲ್ಲಿ ಮುಂಬಯಿ ಮತ್ತು ಮದರಾಸಿನ ಕಡೆಯಿಂದ ಬಂದ ರೈಲುಹಳಿಗಳು ರಾಯಚೂರಿನಲ್ಲಿ ಕೂಡಿದಾಗ ಯಾದಗಿರಿ ಆ ಹಳಿಯ ಮೇಲೆ ಸಿಕ್ಕಿತು. ಶಹಾಪುರಕ್ಕೂ ಸುರಪುರಕ್ಕೂ ಇಂದಿಗೂ ರೈಲಿಲ್ಲ, ಬಸ್ಸು-ಲಾರಿಯೇ ಗತಿ. ಬೋರ್ಡಿಗೆ ಮೂರು ವರ್ಷದ ವಾರಂಟಿ ಇದ್ದರೂ ಕೆಟ್ಟ ಬೋರ್ಡು ಪಾರ್ಸಲ್ಲಿನಲ್ಲಿ ದೊಡ್ಡ ಊರಿಗೆ ಹೋಗಿ ಮರಳುವಷ್ಟರಲ್ಲಿ ವಾರಗಳು ಕಳೆಯುತ್ತವೆ. ಅಂಗಡಿಯವರು ಆ ತನಕ ಬೇರೆ ಬೋರ್ಡು ಹಾಕಿಕೊಟ್ಟರೆ ಅದು ಅವರ ದೊಡ್ಡಸ್ತಿಕೆ. ಇಷ್ಟು ದೂರದಲ್ಲಿ ಇರುವವರಿಗೆ ರಿಪೇರಿಗಿಂತ ಕೆಡದಂತೆ ಕಾಯುವುದೇ ಅಗ್ಗ.

ಕಾಯುವ ಕೆಲಸ ಗೋಡೆಯ ಪ್ಲಗ್ಗಿನಿಂದ ಶುರುವಾಗಬೇಕು. "ಸಿಪಿಯು ಮುಟ್ಟಿದ್ರ ಜುಮ್ ಅಂತದ್ರೀ" ಎಂಬ ದೂರು ಇಲ್ಲಿ ಎಷ್ಟು ಸಾಮಾನ್ಯವೆಂದರೆ, ಅದನ್ನು ದೂರೆಂದೇ ಜನ ತಿಳಿಯುವುದಿಲ್ಲ. ಚಪ್ಪಲಿ ಹಾಕಿಕೊಂಡು ಕೂಡುತ್ತಾರೆ, ಅಷ್ಟೆ. ಇದರ ಕಾರಣ ಸರಳ. ಕರೆಂಟಿನಲ್ಲಿ ಬರುವ ಗೊಂದಲವನ್ನು ಸೋಸಲು, ಕಂಪ್ಯೂಟರಿಗೆ ಕರೆಂಟು ಒದಗಿಸುವ ಎಸ್‌ಎಂಪಿಎಸ್‌ನ ಬಾಯಲ್ಲೇ ಎರಡು ಸಣ್ಣ ಕೆಪಾಸಿಟರ್ ಇರುತ್ತವೆ. ಒಂದು ಫೇಸಿನಿಂದ, ಇನ್ನೊಂದು ನ್ಯೂಟ್ರಲ್ಲಿನಿಂದ ಕೇಬಿನೆಟ್ಟಿನ ಲೋಹಕ್ಕೆ ಕೂಡಿರುತ್ತದೆ. ಅರ್ಥಿಂಗ್ ಸರಿಯಿದ್ದರೆ ಆ ಸೋರಿಕೆ ನೆಲಕ್ಕೆ ಇಳಿದು ಹೋಗುತ್ತದೆ. ಅರ್ಥಿಂಗ್ ಇಲ್ಲದಿದ್ದರೆ 230ರ ಅರ್ಧ, ಅಂದರೆ ಸುಮಾರು 115 ವೋಲ್ಟ್ ಕೇಬಿನೆಟ್ಟಿನ ಮೈಮೇಲೆ ನಿಲ್ಲುತ್ತದೆ. ಹರಿಯುವ ಕರೆಂಟು ಬಹಳ ಅಲ್ಪ, ಮನುಷ್ಯನಿಗೆ ಜುಮ್ ಎನಿಸಿ ಬಿಡುತ್ತದೆ. ಆದರೆ ಪ್ರಿಂಟರಿನ ಯುಎಸ್‌ಬಿ ಕೇಬಲ್ಲನ್ನೋ ಮಾನಿಟರಿನ ಎಚ್‌ಡಿಎಂಐ ಕೇಬಲ್ಲನ್ನೋ ಚುಚ್ಚುವ ಕ್ಷಣದಲ್ಲಿ ಅದೇ ವೋಲ್ಟೇಜು ಪೋರ್ಟಿನ ಮೂಲಕ ಬೋರ್ಡಿನ ಚಿಪ್ಪಿಗೆ ಹಾಯಬಲ್ಲದು. ಪೋರ್ಟು ಸತ್ತ ಬೋರ್ಡುಗಳ ಹಿಂದೆ ಎಷ್ಟೋ ಸಲ ಇರುವುದು ಈ ಕತೆ.

ಪರೀಕ್ಷೆಗೆ ದೊಡ್ಡ ಉಪಕರಣ ಬೇಡ. ಒಂದು ಮಲ್ಟಿಮೀಟರ್ ಸಾಕು. ಫೇಸ್-ನ್ಯೂಟ್ರಲ್ ನಡುವೆ 230ರ ಆಸುಪಾಸು ತೋರಿಸಬೇಕು. ಫೇಸ್-ಅರ್ಥ್ ನಡುವೆಯೂ ಹೆಚ್ಚುಕಡಿಮೆ ಅಷ್ಟೇ ತೋರಿಸಬೇಕು. ನ್ಯೂಟ್ರಲ್-ಅರ್ಥ್ ನಡುವೆ ಎರಡು-ಮೂರು ವೋಲ್ಟಿನೊಳಗೆ ಇರಬೇಕು. ಹತ್ತು-ಹದಿನೈದು ತೋರಿಸಿದರೆ ಆ ಪ್ಲಗ್ಗಿಗೆ ಕಂಪ್ಯೂಟರ್ ಕೂಡಿಸಬಾರದು. ನಮ್ಮ ಎರೆ ಭೂಮಿಗೆ ಇಲ್ಲೊಂದು ವಿಶೇಷ ಗುಣವಿದೆ. ಹಸಿಯಿದ್ದಾಗ ಅದು ಕರೆಂಟನ್ನು ಚೆನ್ನಾಗಿ ಒಯ್ಯುತ್ತದೆ. ಬೇಸಿಗೆಯಲ್ಲಿ ಒಣಗಿ ಬಿರಿದಾಗ ಅರ್ಥಿಂಗ್ ರಾಡಿಗೂ ಮಣ್ಣಿಗೂ ನಡುವೆ ಸಂದು ಬೀಳುತ್ತದೆ. ಮಳೆಗಾಲದಲ್ಲಿ ತೆಗೆದ ಅರ್ಥಿಂಗ್ ಆಗ ಚೆನ್ನಾಗಿ ತೋರಿಸಿ, ಏಪ್ರಿಲ್-ಮೇನಲ್ಲಿ, ಅಂದರೆ ಸಿಡಿಲಿನ ಹಂಗಾಮಿನಲ್ಲಿಯೇ, ಕೈಬಿಡುವುದು ಹೀಗೆ. ಇದ್ದಿಲು-ಉಪ್ಪು ತುಂಬಿದ ಗುಂಡಿಗೆ ಬೇಸಿಗೆಯಲ್ಲಿ ವಾರಕ್ಕೊಮ್ಮೆ ಒಂದೆರಡು ಕೊಡ ನೀರು ಸುರಿಯುವುದು ಹಿಂದಿನ ಲೈನ್‌ಮನ್‌ಗಳು ಹೇಳಿಕೊಟ್ಟ ರೂಢಿ. ಅದನ್ನು ಬಿಡಬಾರದು. ಹೊಸ ಬೋರ್ಡಿಗೆ ಸಾವಿರಾರು ರೂಪಾಯಿ ಹಾಕುವ ಅಂಗಡಿಯವರು ಅರ್ಥಿಂಗ್ ಗುಂಡಿಗೆ ಒಮ್ಮೆ ಹಣ ಹಾಕಲು ಹಿಂಜರಿಯುವುದು ನನಗೆ ಅರ್ಥವಾಗದ ಸಂಗತಿ.

ಪಂಪ್‌ಸೆಟ್ಟಿನ ಮತ್ತು ಊರಿನ ಫೀಡರುಗಳನ್ನು ಬೇರೆ ಮಾಡಿದ ನಿರಂತರ ಜ್ಯೋತಿ ಯೋಜನೆ ಹಳ್ಳಿಗಳ ವೋಲ್ಟೇಜನ್ನು ಸುಧಾರಿಸಲು ನೆರವಾಗಿದೆ. ಆದರೂ ಲೈನಿನ ತುದಿಯ ಊರುಗಳಲ್ಲಿ ಸಂಜೆ ಹೊತ್ತು ವೋಲ್ಟೇಜು ಕುಸಿಯುವುದುಂಟು. ಆಗ ಅಗ್ಗದ ಎಸ್‌ಎಂಪಿಎಸ್ ತಡೆದುಕೊಳ್ಳದೆ ಯಂತ್ರವನ್ನು ಮತ್ತೆ ಮತ್ತೆ ರೀಸ್ಟಾರ್ಟ್ ಮಾಡುತ್ತದೆ. ಗಿರಾಕಿ ಅದನ್ನು ಬೋರ್ಡಿನ ದೋಷವೆಂದು ತರುತ್ತಾನೆ. ಇದಕ್ಕಿಂತ ಕೆಟ್ಟದ್ದು ನ್ಯೂಟ್ರಲ್ ಕಡಿದು ಬೀಳುವುದು. ಮೂರು ಫೇಸಿನ ಲೈನಿನಲ್ಲಿ ನ್ಯೂಟ್ರಲ್ ಹೋದರೆ ಕೆಲವು ಮನೆಗಳಿಗೆ ವೋಲ್ಟೇಜು 400ರತ್ತ ಏರುತ್ತದೆ. ಆ ಹೊಡೆತಕ್ಕೆ ಒಳ್ಳೆಯ ಎಸ್‌ಎಂಪಿಎಸ್ ತನ್ನೊಳಗಿನ ಫ್ಯೂಸನ್ನು ಸುಟ್ಟುಕೊಂಡು ಬೋರ್ಡನ್ನು ಉಳಿಸುತ್ತದೆ. ಕಳಪೆಯದು ತಾನೂ ಹೋಗಿ ಬೋರ್ಡನ್ನೂ ಕರೆದುಕೊಂಡು ಹೋಗುತ್ತದೆ. ಹೊರಗೆ ದೊಡ್ಡಕ್ಷರದಲ್ಲಿ 450 ವ್ಯಾಟ್ ಎಂದು ಬರೆದ ಹಗುರ ಡಬ್ಬಿಗಳ ಮೇಲೆ ನನಗೆ ನಂಬಿಕೆಯಿಲ್ಲ. 2004ರಿಂದ ಚಾಲ್ತಿಯಲ್ಲಿರುವ 80 ಪ್ಲಸ್ ಮುದ್ರೆಯಿರುವ, ಕಂಪನಿಯೇ ವಾರಂಟಿ ಕೊಡುವ ಎಸ್‌ಎಂಪಿಎಸ್ ಕೊಳ್ಳಿ. ಬಜೆಟ್ಟಿನಲ್ಲಿ ಎಲ್ಲಾದರೂ ಕಡಿತ ಮಾಡಲೇಬೇಕಾದರೆ ಪ್ರೊಸೆಸರಿನಲ್ಲಿ ಮಾಡಿ, ಇದರಲ್ಲಿ ಬೇಡ.

ಸಿಡಿಲಿನ ವಿಷಯದಲ್ಲಿ ಒಂದು ಮಾತು ಎಲ್ಲರಿಗೂ ಮುಟ್ಟಬೇಕು. ಕಂಪ್ಯೂಟರನ್ನು ಶಟ್‌ಡೌನ್ ಮಾಡಿದರೂ ಗೋಡೆಯ ಸ್ವಿಚ್ಚು ಆನ್ ಇರುವತನಕ ಎಸ್‌ಎಂಪಿಎಸ್ ಬೋರ್ಡಿಗೆ 5 ವೋಲ್ಟ್ ಕೊಡುತ್ತಲೇ ಇರುತ್ತದೆ. ಪವರ್ ಬಟನ್ ಒತ್ತಿದ್ದು ಬೋರ್ಡಿಗೆ ಗೊತ್ತಾಗುವುದೇ ಆ ಕರೆಂಟಿನಿಂದ. ಹೀಗಾಗಿ "ಬಂದ್ ಮಾಡಿಟ್ಟಿದ್ವಿ, ಆದ್ರೂ ಹೋಗ್ಯಾದ" ಎಂಬ ಅಚ್ಚರಿಗೆ ಕಾರಣವಿಲ್ಲ. ಗುಡುಗು ಕೇಳಿದ ಕೂಡಲೇ ಪ್ಲಗ್ಗು ಕೀಳಬೇಕು. ಅದರೊಂದಿಗೆ ಇಂಟರ್‌ನೆಟ್ಟಿನ ಲ್ಯಾನ್ ಕೇಬಲ್ಲನ್ನೂ ಕೀಳಬೇಕು. ಕಂಬದಿಂದ ಕಂಬಕ್ಕೆ, ಮಾಳಿಗೆಯಿಂದ ಮಾಳಿಗೆಗೆ ಎಳೆದ ತಾಮ್ರದ ತಂತಿಯಲ್ಲಿ ಸಿಡಿಲಿನ ಪ್ರೇರಣೆಯಿಂದ ಹುಟ್ಟುವ ವೋಲ್ಟೇಜು ನೇರ ಬೋರ್ಡಿನ ಲ್ಯಾನ್ ಚಿಪ್ಪಿಗೆ ಬರುತ್ತದೆ. ಫೈಬರ್ ಬಂದ ಊರುಗಳಲ್ಲಿ ಈ ಕಾಟ ಕಡಿಮೆ, ಏಕೆಂದರೆ ಗಾಜಿನ ಎಳೆಯಲ್ಲಿ ಕರೆಂಟು ಹರಿಯದು. ಲ್ಯಾನ್ ಚಿಪ್ಪು ಮಾತ್ರ ಸುಟ್ಟು ಉಳಿದದ್ದು ನೆಟ್ಟಗಿದ್ದರೆ ಬೋರ್ಡು ಬದಲಿಸಬೇಕಿಲ್ಲ. ಕೆಲವು ನೂರು ರೂಪಾಯಿಯ ಲ್ಯಾನ್ ಕಾರ್ಡು ಹಾಕಿ, ಬಯಾಸ್‌ನಲ್ಲಿ ಆನ್‌ಬೋರ್ಡ್ ಲ್ಯಾನ್ ಬಂದ್ ಮಾಡಿದರೆ ಆಯಿತು.

ಇನ್ನು ಕಾವು ಮತ್ತು ಧೂಳು. ಬೇಸಿಗೆಯಲ್ಲಿ ಇಲ್ಲಿ 40 ಡಿಗ್ರಿ ದಾಟುವುದು ವಾಡಿಕೆ. ತಗಡಿನ ಮಾಳಿಗೆಯ ಕೆಳಗಿನ ಅಂಗಡಿಯಲ್ಲಿ ಕೇಬಿನೆಟ್ಟಿನೊಳಗೆ 50 ದಾಟಿದರೂ ಆಶ್ಚರ್ಯವಿಲ್ಲ. ಪ್ರೊಸೆಸರಿಗೆ ತನ್ನ ಕಾವು ಅಳೆದುಕೊಂಡು ನಿಧಾನವಾಗುವ ಬುದ್ಧಿಯಿದೆ. ಬೋರ್ಡಿನ ಮೇಲಿನ ಎಲೆಕ್ಟ್ರೋಲಿಟಿಕ್ ಕೆಪಾಸಿಟರಿಗೆ ಆ ಬುದ್ಧಿಯಿಲ್ಲ. ಅದರೊಳಗಿನ ದ್ರವ ಆರುತ್ತ ಹೋಗುತ್ತದೆ; ಕಾವು 10 ಡಿಗ್ರಿ ಇಳಿದರೆ ಆಯುಷ್ಯ ಇಮ್ಮಡಿ, ಏರಿದರೆ ಅರ್ಧ ಎಂಬುದು ಎಂಜಿನಿಯರುಗಳ ಲೆಕ್ಕ. 2000ದ ದಶಕದ ಮೊದಲ ವರ್ಷಗಳಲ್ಲಿ ಕೆಟ್ಟ ರಾಸಾಯನಿಕ ತುಂಬಿದ ಕೆಪಾಸಿಟರುಗಳು ಜಗತ್ತಿನಾದ್ಯಂತ ಲಕ್ಷಾಂತರ ಬೋರ್ಡುಗಳಲ್ಲಿ ಸೇರಿ, ತಲೆ ಉಬ್ಬಿ, ಒಡೆದು ಸೋರಿದವು. ಈಗಿನ ಬೋರ್ಡುಗಳಲ್ಲಿ ಹೆಚ್ಚಾಗಿ ಇರುವ ಸಾಲಿಡ್ ಕೆಪಾಸಿಟರುಗಳು ಅದಕ್ಕಿಂತ ಎಷ್ಟೋ ಗಟ್ಟಿ. ಆದರೆ ಹಳೆಯ ಜಿ31, ಜಿ41 ಬೋರ್ಡುಗಳು ಇನ್ನೂ ನಡೆಯುತ್ತಿರುವ ಕಡೆ ಕೇಬಿನೆಟ್ ಬಿಚ್ಚಿ ಕೆಪಾಸಿಟರಿನ ತಲೆ ನೋಡುವುದು ಒಳ್ಳೆಯದು. ಉಬ್ಬಿದ್ದರೆ ಬೆಸುಗೆ ಬಲ್ಲವರು ಅದನ್ನು ಬದಲಿಸಿ ಬೋರ್ಡನ್ನೇ ಉಳಿಸಬಲ್ಲರು.

ಧೂಳಿಗೆ ನಮ್ಮ ಕಡೆ ಹತ್ತಿಯ ಎಳೆಯೂ ಸೇರುತ್ತದೆ. ಹತ್ತಿ ಬಿಡಿಸುವ ಹಂಗಾಮಿನ ನಂತರ ಮಿಲ್ಲುಗಳ ಹತ್ತಿರದ ಕಚೇರಿಗಳಲ್ಲಿ ಹೀಟ್‌ಸಿಂಕಿನ ಸಂದುಗಳು ಮುಚ್ಚಿಹೋಗಿರುತ್ತವೆ. ಬ್ಲೋವರಿನಿಂದ ಊದುವಾಗ ಫ್ಯಾನನ್ನು ಬೆರಳಿನಿಂದ ಹಿಡಿದಿರಬೇಕು. ಗಾಳಿಯ ರಭಸಕ್ಕೆ ಅದು ಮಿತಿಮೀರಿ ತಿರುಗಿದರೆ ಬೇರಿಂಗ್ ಕೆಡುತ್ತದೆ. ಯಂತ್ರ ಆನ್ ಆಗಿಯೂ ತೆರೆ ಬರದೆ ಬೀಪ್ ಬೀಪ್ ಎಂದರೆ ಮೊದಲು ರ್‍ಯಾಮ್ ತೆಗೆದು, ಅದರ ಬಂಗಾರದ ಬಣ್ಣದ ಪಟ್ಟಿಯನ್ನು ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಸ್ಲಾಟಿನ ಧೂಳು ಊದಿ ಮತ್ತೆ ಕೂಡಿಸಿ. ನಮ್ಮ ಅಂಗಡಿಗಳ ಈ ಹಳೆಯ ಮದ್ದು ಇಂದಿಗೂ ಕೆಲಸ ಮಾಡುತ್ತದೆ. "ಬೋರ್ಡ್ ಹೋಗ್ಯಾದ" ಎಂದು ತಂದ ಎಷ್ಟೋ ಯಂತ್ರಗಳು ಇಷ್ಟಕ್ಕೇ ಎದ್ದು ಕೂಡುತ್ತವೆ.

ಹೊಸ ಬೋರ್ಡು ಕೂಡಿಸುವ ತಾಸಿಗೆ ಬರೋಣ. ಕೇಬಿನೆಟ್ ಕೊಳ್ಳುವಾಗ ಬೋರ್ಡಿನ ಅಳತೆ ನೋಡಬೇಕು: 1995ರಲ್ಲಿ ಇಂಟೆಲ್ ಗೊತ್ತುಮಾಡಿದ ಎಟಿಎಕ್ಸ್ ಬೋರ್ಡು 305ಕ್ಕೆ 244 ಮಿಲಿಮೀಟರ್, ಇಲ್ಲಿ ಹೆಚ್ಚು ಮಾರುವ ಮೈಕ್ರೋ ಎಟಿಎಕ್ಸ್ ಗರಿಷ್ಠ 244ಕ್ಕೆ 244. ಕೇಬಿನೆಟ್ಟಿನ ತಗಡಿಗೆ ಮೊದಲು ಹಿತ್ತಾಳೆಯ ಸ್ಟಡ್‌ಗಳನ್ನು ಕೂಡಿಸಿ, ಅವುಗಳ ಮೇಲೆ ಬೋರ್ಡು ಕೂಡಬೇಕು. ಬೋರ್ಡಿನ ತೂತಿಲ್ಲದ ಕಡೆ ಸ್ಟಡ್ ಉಳಿದುಬಿಟ್ಟರೆ ಅದು ಹಿಂಬದಿಯ ಬೆಸುಗೆಗೆ ತಾಗಿ ಶಾರ್ಟ್ ಆಗುತ್ತದೆ. ಹೊಸ ಬೋರ್ಡು ಮೊದಲ ದಿನವೇ ಆನ್ ಆಗದಿದ್ದರೆ ನೋಡಬೇಕಾದ ಜಾಗಗಳಲ್ಲಿ ಇದೊಂದು. ಚಳಿಗಾಲದ ಒಣ ಹವೆಯಲ್ಲಿ ಮೈಮೇಲೆ ಸ್ಥಾಯೀ ವಿದ್ಯುತ್ತು ಹೆಚ್ಚು. ಬೋರ್ಡು ಮುಟ್ಟುವ ಮೊದಲು ಅರ್ಥಿಂಗ್ ಇರುವ ಲೋಹವನ್ನು ಮುಟ್ಟುವ ರೂಢಿ ಬೇಕು.

ಇಂಟೆಲ್ ಬೋರ್ಡಿನ ಸಾಕೆಟ್ಟಿನಲ್ಲಿ ಕೂದಲೆಳೆಯಂಥ ಪಿನ್ನುಗಳಿರುತ್ತವೆ. ಈಗಿನ ಎಲ್‌ಜಿಎ 1700 ಎಂಬ ಹೆಸರೇ ಅವುಗಳ ಲೆಕ್ಕ. ಎಎಂಡಿಯ ಎಎಂ4ರಲ್ಲಿ 1331 ಪಿನ್ನುಗಳು ಪ್ರೊಸೆಸರಿನ ಹೊಟ್ಟೆಯಲ್ಲಿದ್ದವು. 2022ರ ಎಎಂ5ರಿಂದ ಅವೂ ಬೋರ್ಡಿಗೆ ಬಂದವು. ಒಂದು ಪಿನ್ನು ಬಾಗಿದರೂ ವಾರಂಟಿ ಸಿಗುವುದಿಲ್ಲ. ಬಾಣದ ಗುರುತಿಗೆ ಗುರುತು ಹೊಂದಿಸಿ ಪ್ರೊಸೆಸರನ್ನು ಮೇಲಿನಿಂದ ನೇರ ಇಳಿಸಬೇಕು, ಒತ್ತಬಾರದು, ಜಾರಿಸಬಾರದು. ಅದರ ಮೇಲೆ ಥರ್ಮಲ್ ಪೇಸ್ಟು ಒಂದು ತೊಗರಿ ಕಾಳಿನಷ್ಟು ಸಾಕು. ಹೀಟ್‌ಸಿಂಕಿನ ಸ್ಕ್ರೂಗಳನ್ನು ಮೂಲೆಗೆ ಎದುರು ಮೂಲೆಯಂತೆ ಸ್ವಲ್ಪ ಸ್ವಲ್ಪ ಬಿಗಿಯಬೇಕು. ನಾಲ್ಕು ಸ್ಲಾಟಿನ ಬೋರ್ಡಿನಲ್ಲಿ ಎರಡು ರ್‍ಯಾಮ್ ಇದ್ದರೆ ಪ್ರೊಸೆಸರಿನಿಂದ ಎಣಿಸಿ ಎರಡನೆಯ ಮತ್ತು ನಾಲ್ಕನೆಯ ಸ್ಲಾಟಿಗೆ ಹಾಕುವುದು ಸಾಮಾನ್ಯ ಕ್ರಮ. ಅಕ್ಕಪಕ್ಕ ಹಾಕಿದರೆ ಎರಡೂ ಒಂದೇ ಹಾದಿಯಲ್ಲಿ ಸಾಗಿ ವೇಗ ತಗ್ಗುತ್ತದೆ. 24 ಪಿನ್ನಿನ ದೊಡ್ಡ ಕನೆಕ್ಟರ್ ಹಾಕಿ ಪ್ರೊಸೆಸರಿನ ಪಕ್ಕದ 4 ಅಥವಾ 8 ಪಿನ್ನಿನದನ್ನು ಮರೆಯುವುದು ಹೊಸಬರ ಸಾಮಾನ್ಯ ತಪ್ಪು. ಫ್ಯಾನು ತಿರುಗುತ್ತದೆ, ತೆರೆ ಬರುವುದಿಲ್ಲ. ಮುಂಭಾಗದ ಬಟನ್, ದೀಪಗಳ ಸಣ್ಣ ತಂತಿಗಳನ್ನು ಎಲ್ಲಿ ಚುಚ್ಚಬೇಕೆಂಬುದು ಬೋರ್ಡಿನ ಮೇಲೇ ಅಚ್ಚಾಗಿರುತ್ತದೆ. ಸ್ವಿಚ್ಚಿಗೆ ಪ್ಲಸ್-ಮೈನಸ್ ಇಲ್ಲ, ದೀಪಕ್ಕೆ ಇದೆ.

ಆನ್ ಆದ ಮೇಲೆ ಎಷ್ಟೋ ಅಂಗಡಿಗಳಲ್ಲಿ ನೇರ ವಿಂಡೋಸ್ ಹಾಕಲು ಕೂಡುತ್ತಾರೆ. ಬಯಾಸ್ ಒಳಗೆ ಹೊಕ್ಕು ಕಾಲು ತಾಸು ಕಳೆಯುವವರು ವಿರಳ. ನನ್ನ ಲೆಕ್ಕದಲ್ಲಿ ಆ ಕಾಲು ತಾಸಿಗೇ ಕೂಲಿ ಕೊಡಬೇಕು. ಡಿಲೀಟ್ ಅಥವಾ ಎಫ್2 ಒತ್ತಿ ಒಳಹೊಕ್ಕರೆ ಮೊದಲು ಕಾಣುವುದು ತಾರೀಖು-ವೇಳೆ. 1981ರ ಮೊದಲ ಐಬಿಎಂ ಪಿಸಿಯಲ್ಲಿ ಗಡಿಯಾರದ ಚಿಪ್ಪೇ ಇರಲಿಲ್ಲ, ಆನ್ ಮಾಡಿದಾಗಲೆಲ್ಲ ತಾರೀಖು ಬರೆಯಬೇಕಿತ್ತು. ಸಂಯೋಜನೆಗೆ ಬೋರ್ಡಿನ ಮೇಲಿನ ಪುಟ್ಟ ಸ್ವಿಚ್ಚುಗಳನ್ನು ಸರಿಸಬೇಕಿತ್ತು. 1984ರ ಎಟಿ ಮಾದರಿಯಲ್ಲಿ ಬ್ಯಾಟರಿಯಿಂದ ನಡೆಯುವ ಗಡಿಯಾರ ಬಂತು. ಇಂದಿನ ಬೋರ್ಡಿನಲ್ಲಿ ಆ ಕೆಲಸ ಸಿಆರ್ 2032 ಎಂಬ 3 ವೋಲ್ಟಿನ ಗುಂಡಿ ಸೆಲ್ಲಿನದು. ಗೋಡೆಯ ಸ್ವಿಚ್ಚು ಆನ್ ಇರುವತನಕ ಗಡಿಯಾರ ಎಸ್‌ಎಂಪಿಎಸ್‌ನ ಕರೆಂಟಿನಿಂದ ನಡೆಯುತ್ತದೆ. ಕರೆಂಟು ಹೋದಾಗ, ಪ್ಲಗ್ಗು ಕಿತ್ತಾಗ ಮಾತ್ರ ಸೆಲ್ಲು ಸವೆಯುತ್ತದೆ. ಕರೆಂಟು ಹೆಚ್ಚು ಹೋಗುವ ಊರಿನಲ್ಲಿ ಸೆಲ್ಲು ಬೇಗ ಮುಗಿಯಲು ಕಾರಣವಿದು. ಮುಗಿದ ದಿನ ಯಂತ್ರದ ತಾರೀಖು ಹಲವು ವರ್ಷ ಹಿಂದಕ್ಕೆ ಜಿಗಿಯುತ್ತದೆ. ಆಮೇಲೆ ಸರ್ಕಾರದ ಯಾವ ವೆಬ್‌ಸೈಟೂ ತೆರೆಯುವುದಿಲ್ಲ, ಏಕೆಂದರೆ ಅವುಗಳ ಭದ್ರತಾ ಸರ್ಟಿಫಿಕೇಟು ಆ ಹಳೆಯ ತಾರೀಖಿಗೆ ಇನ್ನೂ ಹುಟ್ಟಿರುವುದಿಲ್ಲ. ಸಾಲಿನಲ್ಲಿ ನಿಂತವರಿಗೆ "ಸರ್ವರ್ ಡೌನ್ ಅದ" ಎಂಬ ಉತ್ತರ ಸಿಗುತ್ತದೆ. ಕೆಲವೇ ಹತ್ತು ರೂಪಾಯಿಯ ಸೆಲ್ಲನ್ನು ಎರಡು ವರ್ಷಕ್ಕೊಮ್ಮೆ ಕಣ್ಣುಮುಚ್ಚಿ ಬದಲಿಸುವುದು ಮೇಲು.

ಎರಡನೆಯದು, ಕರೆಂಟು ಹೋಗಿ ಬಂದಾಗ ಯಂತ್ರ ಏನು ಮಾಡಬೇಕೆಂಬ ಆಯ್ಕೆ. ರಿಸ್ಟೋರ್ ಆನ್ ಎಸಿ ಪವರ್ ಲಾಸ್ ಎಂಬಂಥ ಹೆಸರಿನಲ್ಲಿ ಇರುತ್ತದೆ. ಕಚೇರಿ, ಅಂಗಡಿಯ ಯಂತ್ರಕ್ಕೆ ಅದನ್ನು ಪವರ್ ಆಫ್ ಎಂದೇ ಇಡಿ. ಕರೆಂಟು ಮರಳಿದ ಮೊದಲ ಕ್ಷಣಗಳಲ್ಲಿ ವೋಲ್ಟೇಜು ಏರಿಳಿಯುತ್ತದೆ. ಆಗಲೇ ಯಂತ್ರ ತಾನಾಗಿ ಏಳುವುದು ಬೇಡ. ರಾತ್ರಿಯಿಡೀ ನಡೆಯಬೇಕಾದ ಸಿಸಿಟಿವಿ ಕಂಪ್ಯೂಟರಿಗೆ ಮಾತ್ರ ಪವರ್ ಆನ್ ಇಡಬೇಕು, ಅದಕ್ಕೆ ಯುಪಿಎಸ್ ಕಡ್ಡಾಯ.

ಬೂಟ್ ವಿಧಾನ ಯುಇಎಫ್‌ಐ ಇರಲಿ, ಹಳೆಯ ಲೆಗಸಿ ಬೇಡ. ಡಿಸ್ಕು ಎಎಚ್‌ಸಿಐನಲ್ಲಿ ಇರಲಿ. ವಿಂಡೋಸ್ ಹಾಕಿದ ಮೇಲೆ ಇವನ್ನು ಬದಲಿಸಿದರೆ ಯಂತ್ರ ಬೂಟ್ ಆಗದೆ ನಿಲ್ಲಬಹುದು, ಹಾಗಾಗಿ ಮೊದಲೇ ನೋಡಬೇಕು. ರ್‍ಯಾಮಿನ ಪೆಟ್ಟಿಗೆಯ ಮೇಲೆ ಬರೆದ ವೇಗ ಸಿಗಬೇಕಾದರೆ ಇಂಟೆಲ್‌ನಲ್ಲಿ ಎಕ್ಸ್‌ಎಂಪಿ, ಎಎಂಡಿಯ ಡಿಡಿಆರ್5ರಲ್ಲಿ ಎಕ್ಸ್‌ಪೋ ಆನ್ ಮಾಡಬೇಕು. ಆದರೆ ಬಿಸಿಲಿನ ಕೋಣೆಯಲ್ಲಿ ಬರೀ ಟೈಪಿಂಗ್ ಕೆಲಸದ ಯಂತ್ರಕ್ಕೆ ಅದು ಇಲ್ಲದೆಯೂ ನಡೆಯುತ್ತದೆ.

ಬಯಾಸ್ ಅಪ್‌ಡೇಟಿನ ಬಗ್ಗೆ ನಮ್ಮಲ್ಲಿ ಹೆದರಿಕೆಯಿದೆ. ಹೆದರಿಕೆಗೆ ಆಧಾರವೂ ಇದೆ: ಬರೆಯುವ ನಡುವೆ ಕರೆಂಟು ಹೋದರೆ ಬೋರ್ಡು ಏಳದು. 1999ರ ಏಪ್ರಿಲ್ 26ರಂದು ಸಿಐಎಚ್ ವೈರಸ್ ಬಯಾಸ್ ಚಿಪ್ಪನ್ನೇ ಅಳಿಸಿ ಜಗತ್ತಿನ ಎಷ್ಟೋ ಬೋರ್ಡುಗಳನ್ನು ಮಲಗಿಸಿತ್ತು. ಆದರೂ ಕೆಲವೊಮ್ಮೆ ಅಪ್‌ಡೇಟ್ ಅನಿವಾರ್ಯ. 2024ರಲ್ಲಿ ಇಂಟೆಲ್‌ನ 13 ಮತ್ತು 14ನೇ ತಲೆಮಾರಿನ ಕೆಲವು ಡೆಸ್ಕ್‌ಟಾಪ್ ಪ್ರೊಸೆಸರುಗಳು ಹೆಚ್ಚಿನ ವೋಲ್ಟೇಜಿನಿಂದ ಒಳಗೊಳಗೇ ಸವೆಯುತ್ತಿವೆ ಎಂದು ತಿಳಿದಾಗ ಪರಿಹಾರ ಬಂದದ್ದು ಬಯಾಸ್ ಅಪ್‌ಡೇಟಿನ ರೂಪದಲ್ಲಿಯೇ. ಯುಪಿಎಸ್ ಬ್ಯಾಟರಿ ನೆಟ್ಟಗಿದ್ದಾಗ, ಗುಡುಗಿಲ್ಲದ ದಿನ, ಬೋರ್ಡಿನ ಮಾದರಿ ಹೆಸರನ್ನು ಪೂರ್ತಿ ಹೊಂದಿಸಿ ನೋಡಿ ಮಾಡಿದರೆ ಭಯವಿಲ್ಲ. ಯುಪಿಎಸ್ ಬ್ಯಾಟರಿಯೂ ಕಾವಿಗೆ ಬೇಗ ಸೋಲುತ್ತದೆ ಎಂಬುದು ಮಾತ್ರ ನೆನಪಿರಲಿ.

ಇವೆಲ್ಲಕ್ಕೂ ಈಗ ಒಂದು ಅವಸರ ಬಂದಿದೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿಯಿತು. ವಿಂಡೋಸ್ 11ಕ್ಕೆ ಯುಇಎಫ್‌ಐ, ಸೆಕ್ಯೂರ್ ಬೂಟ್, ಟಿಪಿಎಂ 2.0 ಎಂಬ ಭದ್ರತಾ ಘಟಕ ಬೇಕು, ಇಂಟೆಲ್‌ನಲ್ಲಿ ಬಹುಪಾಲು 8ನೇ ಅಥವಾ ಅದರ ನಂತರದ ತಲೆಮಾರಿನ ಪ್ರೊಸೆಸರ್ ಬೇಕು. ಇಲ್ಲಿ ಎರಡು ಬಗೆಯ ಯಂತ್ರಗಳನ್ನು ಬೇರ್ಪಡಿಸಬೇಕು. ಕೆಲವು ಬೋರ್ಡುಗಳಲ್ಲಿ ಟಿಪಿಎಂ ಇದ್ದೂ ಬಯಾಸ್‌ನಲ್ಲಿ ಬಂದ್ ಆಗಿರುತ್ತದೆ. ಇಂಟೆಲ್‌ನಲ್ಲಿ ಪಿಟಿಟಿ, ಎಎಂಡಿಯಲ್ಲಿ ಎಫ್‌ಟಿಪಿಎಂ ಎಂಬ ಹೆಸರಿನ ಆಯ್ಕೆಯನ್ನು ಆನ್ ಮಾಡಿದರೆ ಸಾಕು, ಕಾಸಿನ ಖರ್ಚಿಲ್ಲ. "ಇದಕ್ಕ ಹನ್ನೊಂದು ಬರಂಗಿಲ್ರೀ, ಬೋರ್ಡ್ ಬದ್ಲಿಸ್ರಿ" ಎನ್ನುವ ಮೊದಲು ಇದನ್ನು ನೋಡದವರು ಗಿರಾಕಿಗೆ ಅನ್ಯಾಯ ಮಾಡುತ್ತಾರೆ. ಎರಡನೆಯ ಬಗೆ, 2011ರ ಎಚ್61ರಂಥ ಹಳೆಯ ಬೋರ್ಡುಗಳು. ಇವಕ್ಕೆ ಅಡ್ಡದಾರಿಯಲ್ಲಿ ವಿಂಡೋಸ್ 11 ಹಾಕಿಕೊಡುವವರಿದ್ದಾರೆ. ಅದರ ಬದಲು ಮನೆಯ ಮಕ್ಕಳ ಕಲಿಕೆಗಾದರೆ ಲಿನಕ್ಸ್ ಹಾಕಿ ಕೊಡಿ, ಅದರಲ್ಲಿ ಯೂನಿಕೋಡ್ ಕನ್ನಡ ಚೆನ್ನಾಗಿ ನಡೆಯುತ್ತದೆ. ಆಧಾರ್, ಬ್ಯಾಂಕಿನ ವ್ಯವಹಾರ ನಡೆಯುವ ಕೇಂದ್ರಕ್ಕೆ ಮಾತ್ರ ಭದ್ರತಾ ಅಪ್‌ಡೇಟಿಲ್ಲದ ಯಂತ್ರ ಸಲ್ಲದು.

ಎಚ್61 ಎಂಬ ಹೆಸರು ಬಂದದ್ದರಿಂದ ಒಂದು ಎಚ್ಚರಿಕೆ ಹೇಳಲೇಬೇಕು. ಒಂದು ಕಾಲಕ್ಕೆ "ಒರಿಜಿನಲ್ ಇಂಟೆಲ್ ಬೋರ್ಡ್" ಎಂದು ನಂಬಿಕೆಯಿಂದ ಮಾರುತ್ತಿದ್ದ ಬೋರ್ಡುಗಳನ್ನು ಇಂಟೆಲ್ ನಿಲ್ಲಿಸುವುದಾಗಿ ಹೇಳಿದ್ದು 2013ರಲ್ಲಿ. ಆ ಜಾಗದಲ್ಲಿ ಆಸುಸ್, ಗಿಗಾಬೈಟ್, ಎಂಎಸ್‌ಐ ಉಳಿದವು. ಜೊತೆಗೆ, ಹಳೆಯ ಎಚ್61 ಚಿಪ್ಪನ್ನು ಹೊಸ ಹಲಗೆಗೆ ಕೂಡಿಸಿ, ಎಂ.2 ಸ್ಲಾಟ್ ಸೇರಿಸಿದ ಅಗ್ಗದ ಬೋರ್ಡುಗಳೂ ಪೇಟೆಗೆ ಬಂದವು. ಸತ್ತ ಬೋರ್ಡಿನ ಜಾಗಕ್ಕೆ, ಕೈಯಲ್ಲಿರುವ ಹಳೆಯ ಪ್ರೊಸೆಸರ್ ಮತ್ತು ಡಿಡಿಆರ್3 ರ್‍ಯಾಮ್ ಉಳಿಸಿಕೊಳ್ಳಲು ಅವು ಸರಿ. ಹೊಸ ಕಂಪ್ಯೂಟರ್ ಎಂದು ಹೇಳಿ ಮಾರಿದರೆ ಅದು ಮೋಸ. ಇವತ್ತು ಹೊಸದಾಗಿ ಕೊಳ್ಳುವವರು ಕಚೇರಿ ಕೆಲಸಕ್ಕೆ ಎಚ್610 ಬೋರ್ಡೋ, ಎಎಂ4ರ ಬಿ450-ಬಿ550 ಬೋರ್ಡೋ ಹಿಡಿದರೆ ಸಾಕು. 2016ರಲ್ಲಿ ಬಂದ ಎಎಂ4 ಅಷ್ಟು ವರ್ಷ ಒಂದೇ ಸಾಕೆಟ್ ಉಳಿಸಿಕೊಂಡದ್ದು ನಮ್ಮಂಥ ಪೇಟೆಗೆ ದೊಡ್ಡ ಉಪಕಾರ, ಬಿಡಿಭಾಗ ಸುಲಭವಾಗಿ ಸಿಗುತ್ತವೆ. 2025ರ ಕೊನೆಯಿಂದ ರ್‍ಯಾಮಿನ ಬೆಲೆ ವಿಪರೀತ ಏರಿರುವುದರಿಂದ ಇರುವ ಡಿಡಿಆರ್4 ರ್‍ಯಾಮ್ ಬಳಸಬಲ್ಲ ಬೋರ್ಡು ಆರಿಸುವುದು ಜಾಣತನ.

ಅಂಗಡಿಯ ಹುಡುಗರನ್ನು ದೂರುವುದು ನನ್ನ ಉದ್ದೇಶವಲ್ಲ. ಬೆಂಗಳೂರಿನ ಸರ್ವಿಸ್ ಸೆಂಟರಿನ ಸವಲತ್ತು ಇಲ್ಲದೆ, ಇಂಗ್ಲಿಷಿನ ಕೈಪಿಡಿಯನ್ನು ಅಕ್ಷರ ಅಕ್ಷರ ಬಿಡಿಸಿಕೊಂಡು, ಒಬ್ಬರ ಕೈಯಿಂದ ಒಬ್ಬರು ಕಲಿತು ಈ ಸೀಮೆಯ ಕಚೇರಿಗಳನ್ನು ನಡೆಸುತ್ತಿರುವವರು ಅವರೇ. ಅವರಿಗೆ ಬೇಕಾದದ್ದು ಕನ್ನಡದಲ್ಲಿ ಬರೆದ, ಚಿತ್ರಗಳಿರುವ, ನಮ್ಮ ಕರೆಂಟು-ಹವೆಗೆ ತಕ್ಕ ಒಂದು ತೆಳು ಪುಸ್ತಕ. ಐಟಿಐಗಳ ಕೋಪಾ (ಕಂಪ್ಯೂಟರ್ ಆಪರೇಟರ್) ತರಗತಿಯಲ್ಲಿ ಹಾರ್ಡ್‌ವೇರಿನ ಪಾಠ ಇದೆಯಾದರೂ ಅರ್ಥಿಂಗ್ ಅಳೆಯುವುದನ್ನೂ ಬಯಾಸ್ ಆಯ್ಕೆಗಳನ್ನೂ ಕೈಯಾರೆ ಮಾಡಿಸುವಷ್ಟು ಹೊತ್ತು ಅದಕ್ಕೆ ಸಿಗಬೇಕು. ಜಿಲ್ಲೆಯ ಐಟಿಐ, ಪಾಲಿಟೆಕ್ನಿಕ್, ಇಂಜಿನಿಯರಿಂಗ್ ಕಾಲೇಜಿನ ಉಪನ್ಯಾಸಕರು ಅಂಗಡಿಯವರ ಜೊತೆ ಕೂತು ಇಂಥ ಪುಸ್ತಕ ಮಾಡಿದರೆ ಯಾದಗಿರಿಗಷ್ಟೇ ಅಲ್ಲ, ಇಡೀ ಕಲ್ಯಾಣ ಕರ್ನಾಟಕಕ್ಕೆ ಆದೀತು.

ಅದು ಬರುವತನಕ ಕೊಳ್ಳುವವರು ಒಂದಿಷ್ಟು ಕೆಲಸ ಮಾಡಬಹುದು. ಬೋರ್ಡು ಕೂಡಿಸುವಾಗ ಅಂಗಡಿಯಲ್ಲಿ ಎದುರೇ ನಿಲ್ಲಿ. ಬಿಲ್ಲಿನ ಮೇಲೆ ಬೋರ್ಡಿನ ಮಾದರಿ ಮತ್ತು ಸೀರಿಯಲ್ ನಂಬರ್ ಬರೆಸಿಕೊಳ್ಳಿ. ಬಯಾಸ್‌ನಲ್ಲಿ ಏನೇನು ಬದಲಿಸಿದರೆಂದು ಒಂದು ಚೀಟಿಯಲ್ಲಿ ಬರೆಸಿ, ಅದನ್ನು ಕೇಬಿನೆಟ್ಟಿನ ಒಳಬದಿಗೆ ಅಂಟಿಸಿ. ಯಂತ್ರ ಮನೆಗೆ ತಂದ ಮೇಲೆ ಪ್ಲಗ್ಗು ಚುಚ್ಚುವ ಮುಂಚೆ ವಾಯರಿಂಗ್ ಮಾಡುವವರನ್ನು ಕರೆಸಿ ಅರ್ಥಿಂಗ್ ಅಳೆಸಿ. ಸರಿಯಿಲ್ಲದಿದ್ದರೆ ಅದು ಸರಿಯಾಗುವವರೆಗೆ ಕಂಪ್ಯೂಟರನ್ನು ಡಬ್ಬಿಯಿಂದ ಹೊರಗೆ ತೆಗೆಯಬೇಡಿ.